ಇ-ಮೇಲ್‌ನಲ್ಲಿರುವ ಉತ್ತರದ ಲಿಂಕ್ ತೆರೆಯದಿದ್ದಲ್ಲಿ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

ಗುಬ್ಬಿ ತಾಲ್ಲೂಕಿನ ಕಸಬಾ, ನಿಟ್ಟೂರು, ಕಡಬ, ಚೇಳೂರು, ಹಾಗಲವಾಡಿ ಮತ್ತು ಚಂದ್ರಶೇಖರಪುರ ಹೋಬಳಿಗಳ ಸಾರ್ವಜನಿಕರು ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಿಂಚಣಿ ಮುಂತಾದ ಸೇವೆಗಳಿಗೆ ನಾಡಕಚೇರಿ, ಗ್ರಾಮ ಒನ್ ಕೇಂದ್ರ ಅಥವಾ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಆನ್‌ಲೈನ್ ಅರ್ಜಿಗಳಲ್ಲಿ ದಾಖಲೆ ಕಡಿಮೆ ಇದ್ದಾಗ ಅಥವಾ ಸ್ಪಷ್ಟೀಕರಣ ಬೇಕಾದಾಗ ಕೆಲವು ಸಂದರ್ಭಗಳಲ್ಲಿ ಇ-ಮೇಲ್ ಬರುತ್ತದೆ. ಅದರಲ್ಲಿ ಉತ್ತರ ನೀಡಲು ಒಂದು ಲಿಂಕ್ ಇರುತ್ತದೆ. ಆ ಲಿಂಕ್ ತೆರೆಯಲಿಲ್ಲವೆಂದು ಸುಮ್ಮನಿದ್ದಲ್ಲಿ, ಉತ್ತರಕ್ಕೆ ನೀಡಿದ ದಿನಾಂಕ ಮೀರಿ ಅರ್ಜಿ ತಿರಸ್ಕೃತವಾಗುವ ಸಂಭವವಿದೆ. ವಿದ್ಯಾರ್ಥಿ ವೇತನಕ್ಕಾಗಲಿ ಕಾಲೇಜು ಪ್ರವೇಶಕ್ಕಾಗಲಿ ಪ್ರಮಾಣ ಪತ್ರ ಬೇಕಾದವರಿಗೆ ಇದರಿಂದ ಒಂದು ವರ್ಷದ ಅವಕಾಶವೇ ತಪ್ಪಬಹುದು. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ಗಮನಿಸಲು ಕೋರಲಾಗಿದೆ.

1. ಮೊದಲು ಲಿಂಕ್ ಅಸಲಿಯೇ ಎಂದು ಪರಿಶೀಲಿಸುವುದು

ಲಿಂಕ್ ಸರಿಪಡಿಸುವ ಮೊದಲು ಅದು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ತಿಳಿಯತಕ್ಕದ್ದು. ಗಣಕಯಂತ್ರದಲ್ಲಿ ಲಿಂಕ್ ಮೇಲೆ ಮೌಸ್ ಇಟ್ಟರೆ, ಮೊಬೈಲ್‌ನಲ್ಲಿ ಲಿಂಕ್ ಅನ್ನು ಒತ್ತಿ ಹಿಡಿದರೆ, ಪೂರ್ಣ ವಿಳಾಸ ಕಾಣುತ್ತದೆ. ವಿಳಾಸದ ಆರಂಭದ ಎರಡು ಓರೆಗೆರೆಗಳ ನಂತರದಿಂದ ಮುಂದಿನ ಒಂಟಿ ಓರೆಗೆರೆಯವರೆಗಿನ ಭಾಗವೇ ಜಾಲತಾಣದ ಹೆಸರು. ಸರ್ಕಾರಿ ಜಾಲತಾಣಗಳಲ್ಲಿ ಈ ಭಾಗವು ಸಾಮಾನ್ಯವಾಗಿ 'ಗವ್ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತದೆ. ನಡುವೆ 'ಕರ್ನಾಟಕ' ಅಥವಾ 'ಸೇವಾ' ಎಂಬ ಪದವಿದ್ದು ಕೊನೆಯಲ್ಲಿ ಬೇರೆ ಹೆಸರಿದ್ದರೆ ಅದನ್ನು ನಂಬತಕ್ಕದ್ದಲ್ಲ. ಒಟಿಪಿ, ಎಟಿಎಂ ಪಿನ್ ಅಥವಾ ಹಣ ಕೇಳುವ ಲಿಂಕ್‌ಗೆ ಉತ್ತರಿಸಬಾರದು. ಹಣ ಕಳೆದುಕೊಂಡಲ್ಲಿ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.

2. ಲಿಂಕ್ ಒತ್ತಿದಾಗ ಅಪರಿಚಿತ ಕಿಟಕಿ ತೆರೆದಲ್ಲಿ

ಕೆಲವು ಲಿಂಕ್‌ಗಳು ಜಾಲಪುಟವನ್ನು ತೆರೆಯದೆ, ಗಣಕಯಂತ್ರದಲ್ಲಿರುವ ಇ-ಮೇಲ್ ತಂತ್ರಾಂಶವನ್ನು ತೆರೆಯುತ್ತವೆ. ಸೈಬರ್ ಕೇಂದ್ರದ ಗಣಕಯಂತ್ರದಲ್ಲಿ ಔಟ್‌ಲುಕ್‌ನಂತಹ ತಂತ್ರಾಂಶ ನಿಮ್ಮ ಖಾತೆಗೆ ಹೊಂದಿಕೆಯಾಗಿರುವುದಿಲ್ಲ. ಆದ್ದರಿಂದ 'ಖಾತೆ ಸೇರಿಸಿ' ಎಂಬ ಕಿಟಕಿ ಬರುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಇದು ಅರ್ಜಿಯ ದೋಷವಲ್ಲ. ಆ ಕಿಟಕಿಯನ್ನು ಮುಚ್ಚಿ, ಲಿಂಕ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಇ-ಮೇಲ್ ವಿಳಾಸವನ್ನು ನಕಲು ಮಾಡಿಕೊಂಡು, ನಿಮ್ಮ ಖಾತೆಯಲ್ಲಿ ಹೊಸ ಪತ್ರ ತೆರೆದು ಅಂಟಿಸಿರಿ. ವಿಷಯದ ಸಾಲಿನಲ್ಲಿ ಅರ್ಜಿ ಸಂಖ್ಯೆಯನ್ನು ತಪ್ಪದೇ ನಮೂದಿಸಿರಿ.

3. ಲಿಂಕ್ ಎರಡು ಸಾಲುಗಳಾಗಿ ತುಂಡಾಗಿದ್ದಲ್ಲಿ

ಇ-ಮೇಲ್ ಮಾನದಂಡದಂತೆ ಒಂದು ಸಾಲು 78 ಅಕ್ಷರಗಳನ್ನು ಮೀರದಿರುವುದು ಸೂಕ್ತ. ಕೆಲವು ತಂತ್ರಾಂಶಗಳು ಉದ್ದನೆಯ ಲಿಂಕ್ ಅನ್ನೂ ಈ ಮಿತಿಗೆ ತುಂಡರಿಸುತ್ತವೆ. ಆಗ ಮೊದಲ ಸಾಲು ಮಾತ್ರ ನೀಲಿ ಬಣ್ಣದಲ್ಲಿದ್ದು, ಒತ್ತಿದರೆ 'ಪುಟ ದೊರೆಯಲಿಲ್ಲ' ಎಂಬ ಸಂದೇಶ ಬರುತ್ತದೆ. ಎರಡೂ ಸಾಲುಗಳನ್ನು ನೋಟ್‌ಪ್ಯಾಡ್‌ಗೆ ನಕಲು ಮಾಡಿ, ನಡುವೆ ಜಾಗವಿಲ್ಲದಂತೆ ಜೋಡಿಸಿ, ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ಅಂಟಿಸಿರಿ. ವಾಕ್ಯದ ಪೂರ್ಣವಿರಾಮ ಅಥವಾ ಆವರಣ ಚಿಹ್ನೆ ಲಿಂಕ್‌ನ ಕೊನೆಗೆ ಅಂಟಿಕೊಂಡಿದ್ದರೆ ತೆಗೆಯಿರಿ. ವಿಳಾಸವನ್ನು ಕೈಯಿಂದ ಬೆರಳಚ್ಚಿಸುವುದಾದರೆ ಕಾಗುಣಿತವನ್ನು ಊಹಿಸಬಾರದು. ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಗಿದ್ದು, ಜಾಲತಾಣದ ವಿಳಾಸವೊಂದರಲ್ಲಿ ಹಳೆಯ ಕಾಗುಣಿತವೇ ಇರಬಹುದು. ಇದ್ದುದನ್ನು ಇದ್ದಂತೆಯೇ ಬರೆಯಿರಿ.

4. 'ಅವಧಿ ಮುಗಿದಿದೆ' ಎಂಬ ಸಂದೇಶ ಬಂದಲ್ಲಿ

ಸುರಕ್ಷತೆಯ ದೃಷ್ಟಿಯಿಂದ ಕೆಲವು ಲಿಂಕ್‌ಗಳು ನಿಗದಿತ ಸಮಯದವರೆಗೆ ಅಥವಾ ಒಂದು ಬಾರಿ ಮಾತ್ರ ತೆರೆಯುತ್ತವೆ. ಲಿಂಕ್‌ನ ಅವಧಿ ಮುಗಿದ ಮಾತ್ರಕ್ಕೆ ಉತ್ತರ ನೀಡುವ ಅವಧಿ ಮುಗಿದಿದೆ ಎಂದು ಭಾವಿಸಬೇಕಿಲ್ಲ. ಜಾಲತಾಣಕ್ಕೆ ನೇರವಾಗಿ ಪ್ರವೇಶಿಸಿ, ಅರ್ಜಿಯ ಸ್ಥಿತಿಗತಿ ವಿಭಾಗದಲ್ಲಿ ಉತ್ತರ ನೀಡಲು ಅವಕಾಶವಿದೆಯೇ ಎಂದು ನೋಡಿರಿ. ಒಂದಕ್ಕಿಂತ ಹೆಚ್ಚು ಇ-ಮೇಲ್ ಬಂದಿದ್ದಲ್ಲಿ ಇತ್ತೀಚಿನದನ್ನೇ ಬಳಸಿರಿ.

5. 'ಉತ್ತರಿಸು' ಗುಂಡಿ ಒತ್ತುವಾಗ ಎಚ್ಚರಿಕೆ

'ನೋ ರಿಪ್ಲೈ' ಎಂಬ ಹೆಸರಿನ ವಿಳಾಸದಿಂದ ಬರುವ ಇ-ಮೇಲ್ ಯಂತ್ರದಿಂದ ಕಳುಹಿಸಿದ್ದಾಗಿದ್ದು, ಅದಕ್ಕೆ ಬರೆದ ಉತ್ತರವನ್ನು ಯಾರೂ ಓದುವುದಿಲ್ಲ. ಅನೇಕ ಅರ್ಜಿದಾರರಿಗೆ ಒಟ್ಟಿಗೆ ಕಳುಹಿಸಿದ ಇ-ಮೇಲ್‌ಗೆ 'ಎಲ್ಲರಿಗೂ ಉತ್ತರಿಸು' ಗುಂಡಿ ಒತ್ತಿದರೆ ನಿಮ್ಮ ಆಧಾರ್ ಪ್ರತಿ ಮತ್ತು ಬ್ಯಾಂಕ್ ವಿವರಗಳು ಅಪರಿಚಿತರಿಗೂ ತಲುಪಬಹುದು. ಕಳುಹಿಸುವ ಮೊದಲು ಸ್ವೀಕರಿಸುವವರ ವಿಳಾಸವನ್ನು ಓದಿ ನೋಡಿರಿ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಬಳಸತಕ್ಕದ್ದು; ಹಳೆಯ ಅಕ್ಷರಶೈಲಿಗಳಲ್ಲಿ ಬರೆದುದು ಓದುವವರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣಬಹುದು.

6. ಇ-ಮೇಲ್ ಬಾರದೇ ಇದ್ದಲ್ಲಿ

ಸ್ಪ್ಯಾಮ್ ವಿಭಾಗವನ್ನು ನೋಡಿರಿ. ಕೇಂದ್ರದವರು ತಮ್ಮದೇ ಇ-ಮೇಲ್ ವಿಳಾಸ ನಮೂದಿಸಿ ಅರ್ಜಿ ಸಲ್ಲಿಸಿದ್ದರೆ ಉತ್ತರದ ಲಿಂಕ್ ಅವರಿಗೆ ಹೋಗುತ್ತದೆ. ಅರ್ಜಿ ಸಲ್ಲಿಸುವಾಗಲೇ ನಿಮ್ಮ ಅಥವಾ ಮನೆಯವರ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ನೀಡಿ, ಸ್ವೀಕೃತಿಯಲ್ಲಿ ಸರಿನೋಡಿಕೊಳ್ಳಿರಿ.

7. ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ

ಲಿಂಕ್ ಸರಿಯಾಗುವವರೆಗೆ ಕಾಯತಕ್ಕದ್ದಲ್ಲ. ದೋಷ ಸಂದೇಶದ ಚಿತ್ರವನ್ನು ದಿನಾಂಕ ಮತ್ತು ಸಮಯ ಕಾಣುವಂತೆ ಉಳಿಸಿಕೊಂಡು, ದಾಖಲೆಗಳ ಎರಡು ಪ್ರತಿಗಳೊಂದಿಗೆ ಅರ್ಜಿಗೆ ಸಂಬಂಧಿಸಿದ ಕಚೇರಿಗೆ ಹೋಗಿರಿ. ಒಂದು ಪ್ರತಿಯನ್ನು ಸಲ್ಲಿಸಿ, ಇನ್ನೊಂದರ ಮೇಲೆ ದಿನಾಂಕಸಹಿತ ಮೊಹರು ಪಡೆಯಿರಿ. ಹೋಗಲಾಗದವರು ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳಬಹುದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ವಿದ್ಯುನ್ಮಾನ ದಾಖಲೆಗಳಿಗೆ ಮಾನ್ಯತೆ ನೀಡಿದೆ. ಆದರೆ ಅದೇ ಅಧಿನಿಯಮದ 9ನೇ ಪ್ರಕರಣದ ಪ್ರಕಾರ, ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿಯೇ ಸ್ವೀಕರಿಸಬೇಕೆಂದು ಸರ್ಕಾರಿ ಕಚೇರಿಯನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಆದ್ದರಿಂದ ಇ-ಮೇಲ್ ಕಳುಹಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯದೆ ಸ್ವೀಕೃತಿ ಪಡೆಯುವುದು ಕ್ಷೇಮ.

8. ಅರ್ಜಿ ತಿರಸ್ಕೃತವಾದಲ್ಲಿ

ಸಕಾಲ ಎಂದು ಹೆಸರಾದ 2011ರ ಸೇವಾ ಖಾತರಿ ಅಧಿನಿಯಮದ ವ್ಯಾಪ್ತಿಯ ಸೇವೆಗಳಿಗೆ ಸ್ವೀಕೃತಿಯಲ್ಲಿ 15 ಅಂಕಿಗಳ ಸಂಖ್ಯೆ ಇರುತ್ತದೆ. ಅರ್ಜಿ ತಿರಸ್ಕೃತವಾದರೆ ಅಥವಾ ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದರೆ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಪಡೆಯಲು ಅವಕಾಶವಿದೆ. ಉಳಿಸಿಕೊಂಡ ದೋಷ ಸಂದೇಶದ ಚಿತ್ರ ಮತ್ತು ಮೊಹರು ಹಾಕಿದ ಪ್ರತಿಯನ್ನು ಮೇಲ್ಮನವಿಯೊಂದಿಗೆ ಲಗತ್ತಿಸಿರಿ. ಇತರ ಕುಂದುಕೊರತೆಗಳನ್ನು ಜನಸ್ಪಂದನ ಸಹಾಯವಾಣಿ 1902ರಲ್ಲಿ ದಾಖಲಿಸಬಹುದು.

ಲಿಂಕ್ ಎಂಬುದು ಉತ್ತರ ತಲುಪಿಸುವ ಹಲವು ದಾರಿಗಳಲ್ಲಿ ಒಂದು ಮಾತ್ರ. ಅರ್ಜಿ ಸಂಖ್ಯೆ, ಸ್ವೀಕೃತಿ ಮತ್ತು ದಿನಾಂಕ ಈ ಮೂರನ್ನು ಅರ್ಜಿದಾರರು ಸೇವೆ ದೊರೆಯುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.