ಹತ್ತಿಯ ಹಾದಿ, ಜನರ ಹಾದಿ

ಧಾರವಾಡದ ಬಳಿಯಲ್ಲಿ ಹುಟ್ಟುವ ಬೇಡ್ತಿ ಹೊಳೆಯು ಗಂಗಾವಳಿಯೆಂಬ ಹೆಸರನ್ನು ತಳೆದು ಅಂಕೋಲೆಯ ಸೀಮೆಯಲ್ಲಿ ಸಮುದ್ರವನ್ನು ಸೇರುತ್ತದೆ. ನೀರಿಗೆ ದೊರೆತ ಈ ಹಾದಿಯು ಸರಕಿಗೆ ದೊರೆಯಲಿಲ್ಲ. ಮಾಗೋಡಿನಲ್ಲಿ ಹೊಳೆಯು ಕಮರಿಗೆ ಧುಮುಕುವುದರಿಂದ, ದೋಣಿಗಳು ಘಟ್ಟದ ಕೆಳಗಷ್ಟೇ ಸಂಚರಿಸಬಲ್ಲವು. ಆದಕಾರಣ ಬಯಲುಸೀಮೆಯ ಪೇಟೆಗಳನ್ನು ಕರಾವಳಿಯ ಬಂದರುಗಳಿಗೆ ಕೂಡಿಸಲು ಘಟ್ಟದ ಹಾದಿಗಳೇ ಗತಿಯಾಗಿದ್ದವು. ಬಹುಕಾಲದವರೆಗೆ ಅಲ್ಲಿ ನಡೆದುದು ಹೇರೆತ್ತುಗಳ ಸಾಲು.

ಬ್ರಿಟಿಷ್ ಆಡಳಿತವು ಬಂಡಿಯ ಸಡಕುಗಳನ್ನು ಮಾಡಿಸಿತು. ಶಿರಸಿಯ ಮೇಲಿಂದ ದೇವಿಮನೆ ಘಟ್ಟವನ್ನಿಳಿದು ಕುಮಟೆಗೊಂದು. ಯಲ್ಲಾಪುರದ ಮೇಲಿಂದ ಅರಬೈಲು ಘಟ್ಟವನ್ನಿಳಿದು ಅಂಕೋಲೆ, ಕಾರವಾರಗಳಿಗೆ ಇನ್ನೊಂದು. ಇದು ಪ್ರಜೆಗಳ ಮೇಲಣ ಕರುಣೆಯೇ? 1861ರಿಂದ 1865ರ ವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ ಬಿದ್ದಿತು. ಗಿರಣಿಕಾರರ ಕಣ್ಣು ಧಾರವಾಡದ ಕರಿನೆಲದ ಮೇಲೆ ನೆಟ್ಟಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದುದರ ಹಿಂದೆಯೂ ಹತ್ತಿಯ ಬಂದರಿನ ಲೆಕ್ಕಾಚಾರವಿತ್ತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಸಡಕು ಊರುಗಳನ್ನು ಕೂಡಿಸುತ್ತಿರಲು, ಸರಕಾರದ ಕಾಗದವು ನಾಡನ್ನು ಒಡೆಯಿತು! ಆ ಒಡಕು ಕೂಡಿಕೊಳ್ಳಲು 1956ರ ವರೆಗೆ ಕಾಯಬೇಕಾಯಿತು.

ಬಯಲುಸೀಮೆಯಲ್ಲಿ ಬೆಳೆದ ಹತ್ತಿಯು ಹಡಗನ್ನೇರಿದ ಬಂದರಿನ ಹೆಸರಿನಿಂದ ‘ಕುಮಟೆ ಹತ್ತಿ’ಯೆಂದು ಪರದೇಶದ ಪೇಟೆಗಳಲ್ಲಿ ಖ್ಯಾತಿವೆತ್ತಿತು. ಆದರೆ 1880ರ ದಶಕದ ಕೊನೆಗೆ ಗೋವೆಯ ಮುರಗಾಂವಕ್ಕೆ ರೈಲು ಇಳಿದೊಡನೆ ಸರಕು ಅತ್ತ ತಿರುಗಿತು, ಕುಮಟೆಯ ವೈಭವವು ಕುಂದಿತು. ವ್ಯಾಪಾರಕ್ಕಾಗಿ ಹುಟ್ಟಿದ ಹಾದಿಯನ್ನು ವ್ಯಾಪಾರವು ಕೈಬಿಟ್ಟರೂ ಜನರು ಕೈಬಿಡಲಿಲ್ಲ. ಮದುವೆಯ ದಿಬ್ಬಣ, ಅಡಕೆಯ ಮೂಟೆ, ಶಾಲೆಯ ಹುಡುಗರು ಅದನ್ನು ತಮ್ಮದಾಗಿಸಿಕೊಂಡರು. ಮಲೆಜ್ವರದ ಕಾಡಿನಲ್ಲಿ ಕಲ್ಲೊಡೆದ ಕೂಲಿಗಳ ಬೆವರಿಗೆ ದಕ್ಕಿದ ನಿಜವಾದ ಫಲವು ಇದೇ ಎಂದು ನಾವು ತಿಳಿಯುತ್ತೇವೆ.

ಇಂದು ಈ ಹಾದಿಗಳ ಒಡೆತನವು ನಮ್ಮದು, ಹೊಣೆಯೂ ನಮ್ಮದೇ. 2024ರ ಜುಲೈ 16ರಂದು ಗಂಗಾವಳಿಯ ದಂಡೆಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಹಲವರು ಮಡಿದರು. ಮುಂದಿನ ತಿಂಗಳು 7ರಂದು ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆಯು ಮುರಿದುಬಿದ್ದಿತು. ಪರರ ಆಳಿಕೆಯು ಹತ್ತಿಯ ತೂಕವನ್ನು ನೋಡಿ ಹಾದಿ ಮಾಡಿತೆಂದು ದೂರುವ ನಾವು, ಗುಡ್ಡದ ಗುಣವನ್ನೂ ಹೊಳೆಯ ವೇಗವನ್ನೂ ನೋಡದೆ ಹಾದಿಯನ್ನು ಅಗಲಿಸುವದು ಯಾವ ನ್ಯಾಯ? ಮಳೆಗಾಲಕ್ಕೆ ಮೊದಲೇ ಪ್ರತಿಯೊಂದು ಘಟ್ಟವನ್ನೂ ಸೇತುವೆಯನ್ನೂ ಪರೀಕ್ಷಿಸಿ, ಫಲವನ್ನು ಜನರ ಮುಂದಿಡುವದು ಅಧಿಕಾರಿವರ್ಗದ ಕರ್ತವ್ಯವು. ಅದನ್ನು ಕೇಳಿ ಪಡೆಯುವದು ನಾಗರಿಕರ ಹಕ್ಕು.