ಬಂಡೆ ಮೇಲೆ ಗೈಗರ್ ಮೀಟರ್ ಟಿಕ್ ಟಿಕ್ ಅಂದ್ರೆ ಹೆದರಬೇಕಾ?

ನಾವು ನಿಂತ ನೆಲದಿಂದಲೂ ತಲೆ ಮೇಲಿನ ಆಕಾಶದಿಂದಲೂ ವಿಕಿರಣ ಸದಾ ಬರ್ತಾನೇ ಇರುತ್ತೆ. ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಒಂದು ಕಡೆ, ಕಾಸ್ಮಿಕ್ ಕಿರಣ ಇನ್ನೊಂದು ಕಡೆ. ಇದೇ ಹಿನ್ನೆಲೆ ವಿಕಿರಣ. ಗ್ರಾನೈಟ್‌ನಲ್ಲಿ ಈ ಧಾತುಗಳು ತುಸು ಜಾಸ್ತಿ. ಹಾಗಾಗಿ ನಮ್ಮ ರಾಮನಗರದಂಥ ಬಂಡೆಗಳ ಮೇಲೆ ಮೀಟರ್ ಸ್ವಲ್ಪ ಹೆಚ್ಚು ತೋರಿಸಿದರೆ ಆಶ್ಚರ್ಯವಿಲ್ಲ.

ಮೊದಲು ಸರಿಯಾಗಿ ಅಳೆಯೋಣ. ಮೀಟರನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿಯಬೇಕು. ಒಂದು ನಿಮಿಷದ ಅಂಕಿ ನಂಬಬೇಡಿ. 20 ಎಣಿಕೆ ಬಂದರೆ ಅದರ ಏರಿಳಿತ ವರ್ಗಮೂಲದಷ್ಟು, ಅಂದರೆ ಸುಮಾರು 4.5, ಶೇ. 22ರಷ್ಟು ಅನಿಶ್ಚಿತತೆ! ಹತ್ತು ನಿಮಿಷ ಎಣಿಸಿ 200 ಬಂದರೆ ಅದು ಶೇ. 7ಕ್ಕೆ ಇಳಿಯುತ್ತೆ. ಮಳೆ ಬಂದ ತಕ್ಷಣ ಅಳೆಯಲೂಬೇಡಿ. ಗಾಳಿಯಲ್ಲಿದ್ದ ರೇಡಾನ್‌ನ ಮರಿ ಧಾತುಗಳು ನೀರಿನ ಜೊತೆ ನೆಲಕ್ಕಿಳಿದು ಕೆಲವು ಗಂಟೆ ಅಂಕಿಯನ್ನು ಏರಿಸುತ್ತವೆ.

ಈಗ ಲೆಕ್ಕ. ಗಂಟೆಗೆ 0.15 ಮೈಕ್ರೋಸೀವರ್ಟ್ ಬಂತು ಅನ್ನಿ. ವರ್ಷದ 8760 ಗಂಟೆಯೂ ಅಲ್ಲೇ ಕೂತರೆ ಸುಮಾರು 1.3 ಮಿಲಿಸೀವರ್ಟ್. "ಸಾರ್ವಜನಿಕರಿಗೆ ಮಿತಿ ವರ್ಷಕ್ಕೆ 1 ಅಲ್ವಾ?" ಅಂತ ಗಾಬರಿಯಾಗೋದು ಇಲ್ಲೇ. ಆ ಮಿತಿ ಅಣುಸ್ಥಾವರದಂಥ ಮಾನವನಿರ್ಮಿತ ಮೂಲಗಳಿಂದ ಬರುವ ಹೆಚ್ಚುವರಿಗೆ ಮಾತ್ರ. ಪ್ರಕೃತಿಯ ಪಾಲು ಅದರಲ್ಲಿ ಸೇರಿಲ್ಲ. ಎಲ್ಲ ನೈಸರ್ಗಿಕ ಮೂಲಗಳೂ ಸೇರಿ ಜಗತ್ತಿನ ಸರಾಸರಿಯೇ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್.

ಕೇರಳದ ಕರುನಾಗಪ್ಪಳ್ಳಿ ಕಡಲತೀರ ನೋಡಿ. ಅಲ್ಲಿಯ ಮೊನಜೈಟ್ ಮರಳಿನಲ್ಲಿ ಥೋರಿಯಂ ತುಂಬಿದೆ, ವಿಕಿರಣ ಸಾಮಾನ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಲ್ಲಿನ ಸುಮಾರು 70,000 ಜನರನ್ನು ಸರಾಸರಿ ಹತ್ತು ವರ್ಷ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಈ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಾದದ್ದು ಅದರಲ್ಲಿ ಕಾಣಲಿಲ್ಲ. ಹಾಗಂತ ಅಪಾಯ ಸೊನ್ನೆ ಅಂತಲ್ಲ. ಇದ್ದರೂ ಇಷ್ಟು ಜನರ ಲೆಕ್ಕದಲ್ಲಿ ಎದ್ದು ಕಾಣದಷ್ಟು ಸಣ್ಣದು, ಅಷ್ಟೇ.

ಹಾಗಾದ್ರೆ ಚಿಂತೆ ಮಾಡಬೇಕಾದ್ದು ಯಾವುದಕ್ಕೆ? ಹೊರಗೆ ಹಿಡಿದ ಮೀಟರ್‌ಗೆ ಕಾಣದೇ ಇರುವುದಕ್ಕೆ! ಆ 2.4ರಲ್ಲಿ ಸುಮಾರು ಅರ್ಧ ಪಾಲು ರೇಡಾನ್ ಅನಿಲದ್ದು. ಇದು ಕಲ್ಲು ಮಣ್ಣಿನ ಯುರೇನಿಯಂನಿಂದಲೇ ಹುಟ್ಟುತ್ತೆ. ಬಯಲಲ್ಲಿ ಗಾಳಿಗೆ ಚದುರಿ ಹೋಗುತ್ತೆ, ಮುಚ್ಚಿದ ಕೋಣೆಯಲ್ಲಿ ಸೇರಿಕೊಳ್ಳುತ್ತೆ. ಉಸಿರಿನ ಜೊತೆ ಒಳಹೋದ ಅದರ ಮರಿ ಧಾತುಗಳು ಶ್ವಾಸಕೋಶಕ್ಕೇ ಆಲ್ಫಾ ಕಣಗಳನ್ನು ಹೊಡೆಯುತ್ತವೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಧೂಮಪಾನದ ನಂತರದ ಮುಖ್ಯ ಕಾರಣಗಳಲ್ಲಿ ರೇಡಾನ್ ಒಂದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಿಗರೇಟ್ ಸೇದುವವರಿಗಂತೂ ಈ ಅಪಾಯ ಹಲವು ಪಟ್ಟು. ಇದನ್ನು ಅಳೆಯೋಕೆ ಬೇರೆಯೇ ಡಿಟೆಕ್ಟರ್ ಬೇಕು, ಅದನ್ನು ಕೋಣೆಯಲ್ಲಿ ತಿಂಗಳುಗಟ್ಟಲೆ ಇಡಬೇಕು.

ಆದ್ದರಿಂದ ಗೆಳೆಯರೇ, ಬೆಟ್ಟ ಹತ್ತೋಕೆ ಹೆದರಬೇಡಿ. ಹಾಸ್ಟೆಲ್ ರೂಮಿನ ಕಿಟಕಿ ಮಾತ್ರ ದಿನಾ ತೆಗೀರಿ.