ಹುಬ್ಬಳ್ಳಿ–ಬೆಂಗಳೂರು: ಆಕಾಶದಲ್ಲೊಂದು ಗಂಟೆ, ನೆಲದ ಮೇಲೆ ಮೂರು

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 410 ಕಿಲೋಮೀಟರು. ಬೀರೂರು, ಅರಸೀಕೆರೆಗಳನ್ನು ಸುತ್ತಿ ಸಾಗುವ ರೈಲಿಗೆ ಸುಮಾರು 470. ಎರಡೂ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ 370ರ ಆಸುಪಾಸು. ಗಂಟೆಗೆ 500 ಕಿಲೋಮೀಟರು ವೇಗದ ಎಟಿಆರ್ ವಿಮಾನಕ್ಕೆ ಇದು ಮುಕ್ಕಾಲು ಗಂಟೆಯ ಹಾದಿ. ಏರುವ, ಇಳಿಯುವ, ನೆಲದ ಮೇಲೆ ಸಾಗುವ ಹೊತ್ತು ಸೇರಿದರೆ ಒಂದು ಗಂಟೆಗೆ ತುಸು ಹೆಚ್ಚು. ಇಷ್ಟು ಕಿರಿದಾದ ಅಂತರದಲ್ಲಿ ದೊಡ್ಡ ಜೆಟ್ ವಿಮಾನವೂ ಉಳಿಸುವುದು ಹತ್ತು-ಹದಿನೈದು ನಿಮಿಷ ಮಾತ್ರ.

ಆದರೆ ಧಾರವಾಡದ ಉದ್ಯಮಿಯೊಬ್ಬರು ಪೀಣ್ಯದ ಕಾರ್ಖಾನೆಯೊಂದಕ್ಕೆ ಹೊರಟರೆನ್ನೋಣ. ಗೋಕುಲ ರಸ್ತೆಯ ನಿಲ್ದಾಣ ತಲುಪಲು ಮುಕ್ಕಾಲು ಗಂಟೆ, ಅಲ್ಲಿ ಕಾಯಲು ಒಂದು ಗಂಟೆ, ಪಯಣದ ಅವಧಿ, ಇಳಿದ ಮೇಲೆ ಸಾಮಾನಿಗಾಗಿ ಒಂದಿಷ್ಟು ಹೊತ್ತು, ಬಳಿಕ ನಗರದ ವಾಹನ ಸಂದಣಿಯಲ್ಲಿ ಒಂದೂಕಾಲು ಗಂಟೆ. ಒಟ್ಟು ನಾಲ್ಕೂವರೆ ಗಂಟೆಯಲ್ಲಿ ಆಕಾಶದ ಪಾಲು ಕಾಲುಭಾಗದಷ್ಟು! ಜೂನ್ 2023ರಲ್ಲಿ ಆರಂಭವಾದ ವಂದೇ ಭಾರತ್ ರೈಲು ಧಾರವಾಡದಿಂದ ಪೀಣ್ಯಕ್ಕೆ ಸಮೀಪದ ಯಶವಂತಪುರವನ್ನು ಆರು ಗಂಟೆಗೆ ತುಸು ಮೀರಿದ ಅವಧಿಯಲ್ಲಿ ಮುಟ್ಟಿಸುತ್ತದೆ. ಅಂದರೆ ವಿಮಾನದ ನಿಜವಾದ ಲಾಭ ಎರಡು ಗಂಟೆಗಿಂತ ಕಡಿಮೆ. ಮೇ 2008ರಲ್ಲಿ ಬೆಂಗಳೂರಿನ ನಾಗರಿಕ ವಿಮಾನ ಸೇವೆ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಸ್ಥಳಾಂತರವಾಯಿತು. ಆಕಾಶದ ಅಂತರ ಅದರಿಂದ ಹೆಚ್ಚೇನೂ ಬದಲಾಗಲಿಲ್ಲ. ನಗರದ ನಡುಭಾಗ ಮಾತ್ರ ವಿಮಾನ ನಿಲ್ದಾಣದಿಂದ ಸುಮಾರು 35 ಕಿಲೋಮೀಟರು ದೂರವಾಯಿತು.

ಇಷ್ಟೇ ಅಂತರದ ಜೋಡಿ ನಗರಗಳು ಬ್ರೆಜಿಲ್‌ನಲ್ಲಿವೆ. ರಿಯೊ ಡಿ ಜನೈರೊ ಮತ್ತು ಸಾವೊ ಪಾಲೊಗಳ ನಡುವೆ ವಾಯುಮಾರ್ಗ ಸುಮಾರು 365 ಕಿಲೋಮೀಟರು, ರಸ್ತೆ 430. ಹಾರಾಟ ಅಲ್ಲಿಯೂ ಒಂದು ಗಂಟೆಯ ಒಳಗೆ. 1959ರಲ್ಲಿ ಮೂರು ಸಂಸ್ಥೆಗಳು ಸ್ಪರ್ಧೆಯನ್ನು ಬದಿಗಿರಿಸಿ ಈ ಮಾರ್ಗದಲ್ಲಿ ‘ಆಕಾಶ ಸೇತುವೆ’ ಎಂಬರ್ಥದ ಹೆಸರಿನ ಸೇವೆಯನ್ನು ಆರಂಭಿಸಿದವು. ಯಾರ ಟಿಕೆಟ್ಟಿದ್ದರೂ ಮೊದಲು ಹೊರಡುವ ವಿಮಾನವನ್ನು ಹತ್ತಬಹುದಿತ್ತು. 1985ರಲ್ಲಿ ಸಾವೊ ಪಾಲೊ ಹೊರವಲಯದಲ್ಲಿ ಗುವಾರುಲ್ಯೋಸ್ ಎಂಬ ಬೃಹತ್ ನಿಲ್ದಾಣ ತೆರೆದರೂ ಈ ಸೇವೆ ನಗರದೊಳಗಿನ ಕೊಂಗೊನ್ಯಾಸ್‌ನಲ್ಲಿಯೇ ಮುಂದುವರಿಯಿತು. ರಿಯೊದ ಸಾಂಟೋಸ್ ಡುಮೊಂಟ್ ನಿಲ್ದಾಣವಂತೂ ಕಚೇರಿಗಳ ಪಕ್ಕದಲ್ಲೇ ಇದೆ. ಅದರ ಮುಖ್ಯ ರನ್‌ವೇ 1,323 ಮೀಟರು ಮಾತ್ರ. 2017ರ ವಿಸ್ತರಣೆಯ ನಂತರ ನಮ್ಮ ಹುಬ್ಬಳ್ಳಿಯ ರನ್‌ವೇ 2,300 ಮೀಟರು ಎಂಬುದನ್ನು ಓದುಗರು ಗಮನಿಸಬೇಕು.

ಹೀಗಾಗಿ ಕೊರತೆ ಇರುವುದು ರನ್‌ವೇಯಲ್ಲಲ್ಲ. ಮುಂಜಾನೆ ಹೋಗಿ, ಪೂರ್ಣ ದಿನ ವ್ಯವಹರಿಸಿ, ರಾತ್ರಿ ಮರಳುವಂತಹ ವೇಳಾಪಟ್ಟಿ ದೊರೆತರೆ ಎರಡು ಗಂಟೆಯ ಉಳಿತಾಯವು ಒಂದಿಡೀ ದಿನದ ಉಳಿತಾಯವಾಗುತ್ತದೆ. ವಸತಿಗೃಹದ ಖರ್ಚೂ ತಪ್ಪುತ್ತದೆ. ಸಣ್ಣ ಕೈಗಾರಿಕೆಗಳಿಗೆ ಇದು ಕಡಿಮೆ ಮೊತ್ತವಲ್ಲ. ಮಾರ್ಚ್ 2024ರಲ್ಲಿ ಹುಬ್ಬಳ್ಳಿಯ ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆ ನೆರವೇರಿದೆ. ಕಟ್ಟಡ ಅಗತ್ಯವೇ, ಆದರೆ ಹಾರಾಟದ ವೇಳೆಯ ಕುರಿತು ವಿಮಾನ ಸಂಸ್ಥೆಗಳೊಂದಿಗೆ ಮಾತುಕತೆ ಅದಕ್ಕಿಂತ ಮೊದಲು ಆಗಬೇಕು.

ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣದ ವಿಷಯವೂ ನಮಗೆ ಸಂಬಂಧಿಸಿದ್ದೇ. ದೇವನಹಳ್ಳಿಯ ಸುತ್ತ 150 ಕಿಲೋಮೀಟರಿನೊಳಗೆ ಮತ್ತೊಂದು ನಿಲ್ದಾಣ ಬಾರದೆಂಬ ಒಪ್ಪಂದದ ಷರತ್ತು 2033ರವರೆಗೆ ಇದೆ. 2025ರಲ್ಲಿ ರಾಜ್ಯ ಸರ್ಕಾರ ಕೇಂದ್ರದ ಪರಿಶೀಲನೆಗೆ ಮುಂದಿಟ್ಟ ಜಾಗಗಳಲ್ಲಿ ಎರಡು ಕನಕಪುರ ರಸ್ತೆಯ ಕಡೆಗಿದ್ದವು, ಒಂದು ನೆಲಮಂಗಲ–ಕುಣಿಗಲ್ ರಸ್ತೆಯ ಕಡೆಗೆ. ಪೀಣ್ಯಕ್ಕೆ ಹೋಗುವ ನಮ್ಮ ಉದ್ಯಮಿಗೆ ಯಾವುದು ಹತ್ತಿರವೆಂದು ಹೇಳಬೇಕಾಗಿಲ್ಲ.